ಸ್ಪ್ಯಾನಿಷ್ ನುಡಿಗಟ್ಟನ್ನ ಇಂಗ್ಲಿಷ್‌ಗೆ ತರೋರಿಗೆ ಆರ್‌ಎಇ ಡಿಕ್ಷನರಿ: ಆರು ವರ್ಷ ದಿನಾ ಬಳಸಿದ ಮೇಲಿನ ನನ್ನ ರಿವ್ಯೂ

ನಾನು ಬೆಂಗಳೂರಲ್ಲಿ ಒಂದು ಆನ್‌ಲೈನ್ ಬಟ್ಟೆ ಕಂಪನಿಯ ಕಸ್ಟಮರ್ ಸಪೋರ್ಟ್‌ನಲ್ಲಿ ಸ್ಪ್ಯಾನಿಷ್ ಲ್ಯಾಂಗ್ವೇಜ್ ಸ್ಪೆಷಲಿಸ್ಟ್. ಮೆಕ್ಸಿಕೋದವರು, ಸ್ಪೇನ್‌ನವರು ಬರೆಯೋ ಮೇಲ್, ಚಾಟ್ ಎಲ್ಲಾ ಓದಿ ಇಂಗ್ಲಿಷ್‌ನಲ್ಲಿ ಟಿಕೆಟ್, ಅಂದ್ರೆ ದೂರಿನ ದಾಖಲೆ, ಹಾಕ್ಬೇಕು, ಆಮೇಲೆ ಮೇಲಿನವರು ಇಂಗ್ಲಿಷ್‌ನಲ್ಲಿ ಕೊಟ್ಟ ಉತ್ತರಾನ ವಾಪಸ್ ಸ್ಪ್ಯಾನಿಷ್‌ಗೆ ತಂದು ಕಳಿಸ್ಬೇಕು, ಇಷ್ಟೇ ಕೆಲಸ. ಮೆಕ್ಸಿಕೋ ಸಿಟಿಲಿ ಬೆಳಗ್ಗೆ 9 ಗಂಟೆ ಅಂದ್ರೆ ನಮಗೆ ರಾತ್ರಿ 8:30, ಹಾಗಾಗಿ ಹೆಚ್ಚಿನ ದಿನ ನೈಟ್ ಶಿಫ್ಟೇ. ಪಕ್ಕದ ಸೀಟಲ್ಲಿ ಕೇಳೋಕೆ ಯಾರೂ ಇರಲ್ಲ, ಆ ಹೊತ್ತಲ್ಲಿ ಒಂದು ನುಡಿಗಟ್ಟು ಬಂದು ಎದುರಿಗೆ ನಿಂತ್ರೆ ಕೈ ಹಿಡಿಯೋದು ಒಂದೇ, ಸ್ಪೇನ್‌ನ ರಾಯಲ್ ಅಕಾಡೆಮಿಯ ಡಿಕ್ಷನರಿ. ಸ್ಪ್ಯಾನಿಷ್‌ನಲ್ಲಿ ಅದರ ಪೂರ್ತಿ ಹೆಸರು ದಿಕ್ಸಿಯೊನಾರಿಯೊ ದೆ ಲಾ ಲೆಂಗ್ವಾ ಎಸ್ಪಾನ್ಯೋಲಾ, ನಾವು ಆಫೀಸಲ್ಲಿ ಅಕಾಡೆಮಿಯ ಸ್ಪ್ಯಾನಿಷ್ ಹೆಸರಿನ ಮೊದಲಕ್ಷರ ಹಿಡಿದು ಸುಮ್ಮನೆ ಆರ್‌ಎಇ ಅಂತೀವಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಮೊಬೈಲಲ್ಲೂ ತೆರೆಯುತ್ತೆ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಆ ಅರ್ಧ ಯಾಕೆ ಹೋಯ್ತು ಅಂತ ಕೆಳಗೆ ಹೇಳ್ತೀನಿ.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ, ಇದು ಸ್ಪ್ಯಾನಿಷ್-ಇಂಗ್ಲಿಷ್ ಡಿಕ್ಷನರಿ ಅಲ್ಲ. ಸ್ಪ್ಯಾನಿಷ್ ಪದಕ್ಕೆ ಸ್ಪ್ಯಾನಿಷ್‌ನಲ್ಲೇ ಅರ್ಥ. ಹಾಗಿದ್ರೆ ಅನುವಾದ ಮಾಡೋರಿಗೆ ಇದ್ಯಾಕೆ ಅಂತ ಕೇಳ್ತೀರಾ ಅಂತ ಗೊತ್ತು, ನಾನೂ ಮೊದಲ ವರ್ಷ ಹಾಗೇ ಅಂದ್ಕೊಂಡು ಇದರ ಹತ್ರ ಸುಳೀಲಿಲ್ಲ, ಅನುವಾದದ ಟೂಲ್ ಕೊಟ್ಟ ಇಂಗ್ಲಿಷನ್ನ ಸ್ವಲ್ಪ ತಿದ್ದಿ ಮುಂದಕ್ಕೆ ತಳ್ತಾ ಇದ್ದೆ. ಅಭಿಪ್ರಾಯ ಬದಲಾಗಿದ್ದು ಒಂದು ಕೋಟಿನ ದೆಸೆಯಿಂದ.

ಸ್ಪೇನ್‌ನ ಕಸ್ಟಮರ್ ಒಬ್ಬರು, ವಯಸ್ಸಾದವರು ಅನ್ಸುತ್ತೆ, ಬರವಣಿಗೆ ತುಂಬಾ ಶಿಸ್ತು. ಚಳಿಗಾಲದ ಕೋಟ್ ತರಿಸಿದ್ರು, ಸೈಜ್ ಆಗ್ಲಿಲ್ಲ, ವಾಪಸ್ ಕಳಿಸಿದ್ರು. ರೀಫಂಡ್ ಐದು ದಿನದಲ್ಲಿ ಬರುತ್ತೆ ಅಂತ ಬರೆದ್ವಿ, ಬರ್ಲಿಲ್ಲ. ಕೇಳಿದ್ರು, ಇನ್ನು ಐದು ದಿನ ಅಂದ್ವಿ. ಮೂರನೇ ಸಲಾನೂ ಅದೇ ಉತ್ತರ ಹೋದ ಮೇಲೆ ಅವರು ಒಂದೇ ಸಾಲು ಬರೆದ್ರು: ಮೆ ಎಸ್ತಾನ್ ತೊಮಾಂದೊ ಎಲ್ ಪೆಲೊ. ಪದಕ್ಕೆ ಪದ ಇಟ್ರೆ ನನ್ನ ಕೂದಲು ತಗೋತಿದೀರ ಅಂತ. ನಮ್ಮ ಆಫೀಸಿನ ಅನುವಾದದ ಟೂಲ್ ಅಷ್ಟು ದಡ್ಡ ಅಲ್ಲ, ಅದಕ್ಕೆ ಇದು ನುಡಿಗಟ್ಟು ಅಂತ ಗೊತ್ತಾಗಿ ಇಂಗ್ಲಿಷ್‌ನ ನುಡಿಗಟ್ಟನ್ನೇ ಕೊಡ್ತು, ಯು ಆರ್ ಪುಲ್ಲಿಂಗ್ ಮೈ ಲೆಗ್. ನನಗೂ ಸರಿ ಅನ್ನಿಸ್ತು. ಕ್ಲಾಸಲ್ಲಿ ಕಲಿತದ್ದೂ ಅದನ್ನೇ, ಸ್ಪ್ಯಾನಿಷ್‌ನವರು ಕೂದಲು ತಗೋತಾರೆ, ಇಂಗ್ಲಿಷ್‌ನವರು ಕಾಲು ಎಳೀತಾರೆ, ಕನ್ನಡದಲ್ಲೂ ಕಾಲೆಳೆಯೋದು ಅಂತೀವಲ್ಲ, ಎಲ್ಲಾ ಒಂದೇ. ಹಾಗೇ ಟಿಕೆಟ್ ಹಾಕ್ದೆ. ಅದನ್ನ ಓದಿದ ಮೇಲಿನವರು ಕಸ್ಟಮರ್ ತಮಾಷೆ ಮೂಡಲ್ಲಿದಾರೆ, ಸಮಾಧಾನವಾಗೇ ಇದಾರೆ ಅಂತ ತಿಳ್ಕೊಂಡು ಅರ್ಜೆಂಟ್ ಲಿಸ್ಟಿಂದ ತೆಗೆದು ಕೆಳಗೆ ಹಾಕಿಬಿಟ್ರು. ಎರಡು ದಿನ ಬಿಟ್ಟು ಆ ಹಿರಿಯರು ಎರಡು ಪುಟದ ದೂರು ಬರೆದ್ರು. ಅದನ್ನ ಓದ್ತಾ ನನ್ನ ಹೊಟ್ಟೆ ಕಲಸಿದ್ದು ಈಗಲೂ ನೆನಪಿದೆ, ಯಾಕಂದ್ರೆ ಅವರ ಕೋಪ ಆ ಒಂದು ಸಾಲಲ್ಲೇ ಇತ್ತು, ಅದನ್ನ ದಾರೀಲಿ ಚೆಲ್ಲಿದ್ದು ನಾನು.

ಆವತ್ತು ರಾತ್ರಿ ಮೊದಲ ಸಲ ಆರ್‌ಎಇ ತೆಗೆದು ಪೆಲೊ ಅಂತ ಹೊಡೆದೆ. ಕೂದಲು ಅನ್ನೋ ಅರ್ಥಗಳೆಲ್ಲಾ ದಾಟಿ ಕೆಳಗೆ ಬಂದ್ರೆ ನುಡಿಗಟ್ಟುಗಳ ಸಾಲು, ಅದರಲ್ಲಿ ತೊಮಾರ್ ಎಲ್ ಪೆಲೊ. ಅಲ್ಲಿ ಕೊಟ್ಟಿರೋ ಅರ್ಥದ ಸಾರ ಇದು: ಸುಳ್ಳು ಹೊಗಳಿಕೆ, ಸುಳ್ಳು ಭರವಸೆ, ಬಾಯಿ ಮಾತಿನ ಉಪಚಾರ ಇವುಗಳಿಂದ ಒಬ್ಬರನ್ನ ಗೇಲಿ ಮಾಡೋದು. ಭರವಸೆ ಅನ್ನೋ ಆ ಪದ ಕಂಡ ಕೂಡಲೇ ಎಲ್ಲಾ ಅರ್ಥ ಆಯ್ತು. ಇದು ಕಾಲೆಳೆಯೋದಲ್ಲ ಕಣ್ರೀ, ಇದು ಮೂಗಿಗೆ ತುಪ್ಪ ಸವರೋದು! ಐದು ದಿನ, ಐದು ದಿನ ಅಂತ ಮೂರು ಸಲ ತುಪ್ಪ ಸವರಿದ್ವಲ್ಲ, ಅದನ್ನೇ ಅವರು ಹೇಳಿದ್ದು. ಇಂಗ್ಲಿಷ್‌ಗೆ ತರೋದಾದ್ರೆ ಸ್ಟ್ರಿಂಗಿಂಗ್ ಮಿ ಅಲಾಂಗ್ ಅನ್ಬೇಕಿತ್ತು, ಅಥವಾ ನುಡಿಗಟ್ಟೇ ಬೇಡ, ಕಸ್ಟಮರ್‌ಗೆ ತನ್ನನ್ನ ಮೂರ್ಖನನ್ನಾಗಿ ಮಾಡ್ತಿದಾರೆ ಅನ್ನಿಸಿದೆ ಅಂತ ನೇರ ಬರೀಬೇಕಿತ್ತು. ಹಾಗಂತ ತೊಮಾರ್ ಎಲ್ ಪೆಲೊ ಯಾವಾಗ್ಲೂ ಕೋಪದ್ದೇ ಅಂತಲ್ಲ, ಗೆಳೆಯರ ಮಧ್ಯೆ ತಮಾಷೆಗೂ ಹೇಳ್ತಾರೆ, ಅಲ್ಲಿ ಪುಲ್ಲಿಂಗ್ ಮೈ ಲೆಗ್ ಚೆನ್ನಾಗೇ ಕೂರುತ್ತೆ. ಆದ್ರೆ ಮೂರು ಸಲ ಮೋಸ ಹೋದೆ ಅಂತ ಕೂತಿರೋ ಮನುಷ್ಯನ ಬಾಯಲ್ಲಿ ಅದು ಬೇರೇನೇ, ಅದನ್ನ ನೋಡೋಕೆ ನನಗೆ ಬೇಕಿದ್ದದ್ದು ಇನ್ನೊಂದು ನುಡಿಗಟ್ಟಲ್ಲ, ಒಳಗಿನ ಅರ್ಥ. ಅದನ್ನ ಕೊಡೋದು ಈ ಡಿಕ್ಷನರಿ.

ಇದನ್ನ ಬಳಸೋಕೆ ಒಂದು ಕೀಲಿ ಇದೆ, ಅದು ಗೊತ್ತಿಲ್ದೇ ಎಷ್ಟೋ ಜನ ಸಿಗ್ಲಿಲ್ಲ ಅಂತ ಬಿಟ್ಟು ಹೋಗ್ತಾರೆ. ನುಡಿಗಟ್ಟನ್ನ ಪೂರ್ತಿ ಹೊಡೆದು ಹುಡುಕೋಕಿಂತ, ಅದರೊಳಗಿನ ನಾಮಪದ ಹುಡುಕಿ. ನಾಮಪದ ಇದ್ರೆ ಅದರ ಕೆಳಗೇ ಇಟ್ಟಿರ್ತಾರೆ, ಎರಡು ನಾಮಪದ ಇದ್ರೆ ಮೊದಲನೇದರ ಕೆಳಗೆ, ನಾಮಪದಾನೇ ಇಲ್ದಿದ್ರೆ ಕ್ರಿಯಾಪದ, ಅದೂ ಇಲ್ದಿದ್ರೆ ಗುಣವಾಚಕ, ಹೀಗೆ ಒಂದು ಕ್ರಮ. ಮೆತೆರ್ ಲಾ ಪಾತಾ, ಅಂದ್ರೆ ಕಾಲು ತೂರಿಸೋದು, ನಮ್ಮ ಎಡವಟ್ಟು ಮಾಡ್ಕೊಳ್ಳೋದು, ಅದು ಪಾತಾ ಪದದ ಕೆಳಗೆ. ಇದು ರೂಢಿ ಆಯ್ತು ಅಂದ್ರೆ ಒಂದು ನುಡಿಗಟ್ಟು ಹುಡುಕೋಕೆ ಹೋದೋರಿಗೆ ಅದರ ಅಣ್ಣತಮ್ಮಂದಿರೆಲ್ಲಾ ಪರಿಚಯ ಆಗ್ತಾರೆ. ಆ ಪೆಲೊ ಕೆಳಗೇ ಪೋರ್ ಲೋಸ್ ಪೆಲೋಸ್ ಅಂತ ಇನ್ನೊಂದಿದೆ, ಸ್ವಲ್ಪದರಲ್ಲೇ, ಕೊನೇ ಗಳಿಗೇಲಿ ಅಂತ ಅರ್ಥ. ಇಂಗ್ಲಿಷ್‌ನಲ್ಲಿ ಬೈ ಎ ಹೇರ್ಸ್ ಬ್ರೆಡ್ತ್, ಕನ್ನಡದಲ್ಲಿ ಕೂದಲೆಳೆ ಅಂತರ. ಮೂರೂ ಭಾಷೆ ಒಂದೇ ಕೂದಲಿಗೆ ಬಂದು ನಿಂತಿವೆ. ಇಂಥದ್ದು ಸಿಕ್ಕಿದ ರಾತ್ರಿ ಟೀ ಬ್ರೇಕ್‌ನಲ್ಲಿ ಅದನ್ನೇ ಮೆಲುಕು ಹಾಕ್ತಾ ಕೂತಿರ್ತೀನಿ.

ಆಮೇಲೆ ಆ ಪುಟ್ಟ ಪುಟ್ಟ ಗುರುತುಗಳು. ಅರ್ಥಕ್ಕಿಂತ ಮುಂಚೆ ತುಂಡು ಅಕ್ಷರದಲ್ಲಿ ಆಡುಮಾತು ಅಂತ ಒಂದು ಗುರುತು, ಕೆಟ್ಟ ಮಾತು ಅಂತ ಒಂದು, ಹೀಯಾಳಿಕೆ ಅಂತ ಒಂದು, ಈಗ ಬಳಕೇಲಿಲ್ಲ ಅಂತ ಒಂದು, ಜೊತೆಗೆ ದೇಶದ ಹೆಸರು. ಹೊಸಬರು ಇದನ್ನ ನೋಡೋದೇ ಇಲ್ಲ, ಸೀದಾ ಅರ್ಥಕ್ಕೆ ಹಾರ್ತಾರೆ. ನಾನು ಈಗ ಉಲ್ಟಾ, ಮೊದಲು ಗುರುತು ನೋಡ್ತೀನಿ, ಆಮೇಲೆ ಅರ್ಥ. ಒಂದು ಉದಾಹರಣೆ ಹೇಳ್ತೀನಿ, ಕೋಹೆರ್ ಅಂತ ಒಂದು ಕ್ರಿಯಾಪದ. ಸ್ಪೇನ್‌ನಲ್ಲಿ ತಗೋ, ಹಿಡಿ ಅಂತ ದಿನಾ ಬಳಸೋ ಮಾತು, ಬಸ್ ಹಿಡಿಯೋಕೂ ಅದೇ, ಪೆನ್ ತಗೊಳ್ಳೋಕೂ ಅದೇ. ಅದೇ ಪದ ಮೆಕ್ಸಿಕೋದಲ್ಲಿ, ಅರ್ಜೆಂಟೀನಾದಲ್ಲಿ ಮನೆಯವರ ಮುಂದೆ ಬಾಯಿಗೆ ತರೋಕಾಗದ ಮಾತು. ಸ್ಪೇನ್ ಕಸ್ಟಮರ್‌ಗೆ ಅಂತ ಬರೆದ ಒಂದು ರೆಡಿ ಉತ್ತರಾನ ಹಾಗೇ ಮೆಕ್ಸಿಕೋಗೂ ಕಳಿಸೋ ಯೋಚನೆ ನಡೀತಿತ್ತು, ಅದರಲ್ಲಿ ಪಾರ್ಸಲ್ ಅಂಗಡೀಲಿ ತಗೊಳ್ಳಿ ಅನ್ನೋಕೆ ಇದೇ ಪದ ಇತ್ತು. ಆರ್‌ಎಇಲಿ ಆ ಅರ್ಥಕ್ಕೆ ಕೆಟ್ಟ ಮಾತು ಅನ್ನೋ ಗುರುತೂ ದೇಶಗಳ ಹೆಸರೂ ಎರಡೂ ಇದ್ವು, ತೋರಿಸಿದೆ, ಒಂದೇ ಮಾತಿಗೆ ಬದಲಾಯಿಸಿದ್ರು. ನಾನು ಬರೀ ಬಾಯಲ್ಲಿ ಹೇಳಿದ್ರೆ ಇಷ್ಟು ಸುಲಭಕ್ಕೆ ಆಗ್ತಿರ್ಲಿಲ್ಲ.

ಅಕಾಡೆಮಿ ಬಗ್ಗೆ ಎರಡು ಮಾತು. ಮ್ಯಾಡ್ರಿಡ್‌ನಲ್ಲಿ 1713ರಲ್ಲಿ ಶುರುವಾಗಿದ್ದು. ಮೊದಲ ಡಿಕ್ಷನರಿ 1726ರಿಂದ 1739ರ ಒಳಗೆ ಆರು ಸಂಪುಟದಲ್ಲಿ ಬಂತು, ಪ್ರತಿ ಪದಕ್ಕೂ ಒಳ್ಳೊಳ್ಳೆ ಬರಹಗಾರರ ಸಾಲುಗಳನ್ನ ಆಧಾರವಾಗಿ ಕೊಟ್ಟಿದ್ರು. ಈಗ ನಾವು ನೋಡ್ತಿರೋದು 2014ರಲ್ಲಿ ಬಂದ 23ನೇ ಆವೃತ್ತಿ, 93 ಸಾವಿರಕ್ಕೂ ಹೆಚ್ಚು ಪದಗಳು, 2017ರಿಂದ ವರ್ಷಾ ವರ್ಷ ಆನ್‌ಲೈನ್‌ನಲ್ಲಿ ಅಪ್‌ಡೇಟ್ ಆಗ್ತಿದೆ. 2023ರಿಂದ ಸಮಾನಾರ್ಥಕ, ವಿರುದ್ಧಾರ್ಥಕ ಪದಗಳನ್ನೂ ಸೇರಿಸಿದಾರೆ, ಅನುವಾದಕ್ಕೆ ಅದು ದೊಡ್ಡ ಉಪಕಾರ. ಸುಮಾರು 50 ಕೋಟಿ ಜನರ ಮನೆಮಾತು, 20 ದೇಶ ಅಂತ ಹರಡಿರೋ ಭಾಷೆ, ಒಂದು ಊರಿನವರು ಕೂತು ಎಲ್ಲಾ ನಿರ್ಧರಿಸೋಕಾಗಲ್ಲ, ಹಾಗಾಗಿ ಬೇರೆ ಬೇರೆ ದೇಶದ ಅಕಾಡೆಮಿಗಳೆಲ್ಲಾ ಸೇರಿ 1951ರಲ್ಲಿ ಒಂದು ಒಕ್ಕೂಟ ಮಾಡ್ಕೊಂಡ್ರು, ಈಗ 23 ಅಕಾಡೆಮಿ ಅದರಲ್ಲಿವೆ. ಆ ಒಕ್ಕೂಟ 2010ರಲ್ಲಿ ಲ್ಯಾಟಿನ್ ಅಮೆರಿಕದ ಮಾತುಗಳಿಗೇ ಅಂತ ಬೇರೆ ಡಿಕ್ಷನರಿ ತಂತು, ದಿಕ್ಸಿಯೊನಾರಿಯೊ ದೆ ಅಮೆರಿಕಾನಿಸ್ಮೋಸ್. ಅದೂ ಆನ್‌ಲೈನ್‌ನಲ್ಲಿ ಉಚಿತ. ಮೆಕ್ಸಿಕೋ, ಕೊಲಂಬಿಯಾ, ಪೆರು ಕಡೆ ಕೆಲಸ ಮಾಡೋರು ಎರಡೂ ಟ್ಯಾಬ್ ಒಟ್ಟಿಗೆ ತೆಗೆದಿಟ್ಕೊಳ್ಳಿ, ಒಂದೇ ಸಾಕು ಅಂದ್ಕೋಬೇಡಿ.

ಯಾಕೆ ಅಂದ್ರೆ ಅಓರಿತಾ. ಅಓರಾ ಅಂದ್ರೆ ಈಗ, ಅದಕ್ಕೆ ಚಿಕ್ಕದು ಮಾಡೋ ಪ್ರತ್ಯಯ ಹಚ್ಚಿದ್ರೆ ಅಓರಿತಾ, ಪುಸ್ತಕದ ಲೆಕ್ಕದಲ್ಲಿ ಈಗಿಂದೀಗ. ಮೆಕ್ಸಿಕೋದ ಕಸ್ಟಮರ್ ಒಬ್ಬರು ಪೇಮೆಂಟ್ ರಸೀದಿ ಅಓರಿತಾ ಕಳಿಸ್ತೀನಿ ಅಂತ ಬರೆದ್ರೆ ನಾನು ರೈಟ್ ನೌ ಅಂತ ಹಾಕ್ದೆ. ಮೇಲಿನವರು ಕಾಯ್ತಾ ಕೂತ್ರು, ಅರ್ಧ ಗಂಟೆ ಆಯ್ತು, ಒಂದು ಗಂಟೆ ಆಯ್ತು, ರಸೀದಿ ಬಂದಿದ್ದು ಸಂಜೆಗೆ. ಆ ಹೆಣ್ಣುಮಗಳು ಸುಳ್ಳು ಹೇಳಿರ್ಲಿಲ್ಲ. ಅಲ್ಲಿಯ ಅಓರಿತಾ ಈಗಿಂದೀಗಲೂ ಆಗ್ಬಹುದು, ಇನ್ನೊಂದು ಘಳಿಗೆ ಬಿಟ್ಟೂ ಆಗ್ಬಹುದು, ಸಂಜೆಯೂ ಆಗ್ಬಹುದು, ಕೆರಿಬಿಯನ್ ಕಡೆ ಹೋದ್ರಂತೂ ಅದು ಆಮೇಲೆ ಅಂತಲೇ. ನಮ್ಮಲ್ಲಿ ಇಲ್ಲೇ ಇದೀನಿ, ಐದೇ ನಿಮಿಷ ಬಂದೆ ಅಂತ ಮನೇಲಿ ಟವೆಲ್ ಸುತ್ಕೊಂಡು ನಿಂತೋರು ಫೋನಲ್ಲಿ ಹೇಳ್ತಾರಲ್ಲ, ಅದನ್ನ ಯಾರೂ ಮೋಸ ಅನ್ನಲ್ಲ, ಅದು ಬರ್ತೀನಿ ಅನ್ನೋ ಮನಸ್ಸಿನ ಮಾತು, ಗಡಿಯಾರದ ಮಾತಲ್ಲ. ಈಗ ನಾನು ಇಂಗ್ಲಿಷ್‌ನಲ್ಲಿ ಶಾರ್ಟ್ಲಿ ಅಂತ ಹಾಕಿ, ಪಕ್ಕದಲ್ಲಿ ಸಮಯ ಖಾತ್ರಿ ಇಲ್ಲ, ಬೇಕಿದ್ರೆ ಗಂಟೆ ಕೇಳಿ ತಿಳ್ಕೋತೀನಿ ಅಂತ ಒಂದು ನೋಟ್ ಬರೀತೀನಿ. ಆ ನೋಟ್ ಬರೆಯೋದು ಅನುವಾದದಲ್ಲಿ ಸೋತ ಹಾಗೆ ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಓದೋರಿಗೆ ತಪ್ಪು ತಿಳುವಳಿಕೆ ಆಗ್ದಿರೋದು ಮುಖ್ಯ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರ್ತೀನಿ. ಈ ಡಿಕ್ಷನರಿ ಇಂಗ್ಲಿಷ್ ಕೊಡದೇ ಇರೋದೇ ನನಗೆ ಒಳ್ಳೇದಾಯ್ತು. ಸ್ಪ್ಯಾನಿಷ್ ಅರ್ಥ ಓದಿದ ಮೇಲೆ ಮನಸ್ಸು ಸೀದಾ ಇಂಗ್ಲಿಷ್‌ಗೆ ಓಡಲ್ಲ, ಮೊದಲು ಕನ್ನಡದಲ್ಲಿ ತಡಕಾಡುತ್ತೆ, ಹೊರಗೆ ಏನೇ ಕಲಿತ್ರೂ ಅಳತೆ ಮಾಡೋ ಸೇರು ಮನೇದೇ ಅಲ್ವಾ. ಆ ತಡಕಾಟದಲ್ಲಿ ಸಿಕ್ಕಿದ್ದು ಒಂದೊಂದೂ ಮುತ್ತು. ಯೊವೆರ್ ಅ ಕಾಂತಾರೋಸ್ ಅಂದ್ರೆ ಜೋರು ಮಳೆ, ಕಾಂತಾರೊ ಅಂದ್ರೆ ನೀರು ತುಂಬೋ ಮಣ್ಣಿನ ಕೊಡ, ಕೊಡಗಟ್ಟಲೆ ಸುರಿಯೋದು. ಇಂಗ್ಲಿಷ್‌ನಲ್ಲಿ ನಾಯಿ ಬೆಕ್ಕು ಸುರಿಯುತ್ತೆ, ಯಾಕೆ ನಾಯಿ ಬೆಕ್ಕು ಅಂತ ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ. ನಮ್ಮಲ್ಲಿ? ಕುಂಭದ್ರೋಣ ಮಳೆ! ಕುಂಭ ಅಂದ್ರೂ ಕೊಡಾನೇ. ಎಲ್ಲಿಯ ಸ್ಪೇನ್, ಎಲ್ಲಿಯ ಮಲೆನಾಡು, ಇಬ್ಬರೂ ಮಳೇನ ಕೊಡದಲ್ಲೇ ಅಳೆದ್ರು. ನಮ್ಮಜ್ಜಿ ಜೂನ್ ತಿಂಗಳಲ್ಲಿ ಬಾಗಿಲಲ್ಲಿ ನಿಂತು ಕುಂಭದ್ರೋಣ ಹೊಯ್ತಾ ಇದೆ ಕಣೇ ಅನ್ನೋಳು, ಆ ಸ್ಪ್ಯಾನಿಷ್ ಸಾಲು ಓದಿದಾಗೆಲ್ಲಾ ಅವಳ ದನಿ ಕೇಳುತ್ತೆ.

ಇನ್ನೊಂದು, ಆಸೆರ್ ಸು ಅಗೋಸ್ತೊ. ಪದಶಃ ತನ್ನ ಆಗಸ್ಟ್ ಮಾಡ್ಕೊಳ್ಳೋದು. ಏನಿದು ಆಗಸ್ಟ್ ಅಂತ ತಲೆ ಕೆಡಿಸ್ಕೊಂಡಿದ್ದೆ. ಸ್ಪೇನ್‌ನಲ್ಲಿ ಆಗಸ್ಟ್ ಅಂದ್ರೆ ಕೊಯ್ಲು ಮುಗಿದು ಕಾಳು ಮನೆಗೆ ಬರೋ ತಿಂಗಳು, ಡಿಕ್ಷನರೀಲಿ ಅಗೋಸ್ತೊ ಪದಕ್ಕೆ ಸುಗ್ಗಿ ಅನ್ನೋ ಅರ್ಥಾನೂ ಇದೆ. ಸರಿಯಾದ ಹೊತ್ತು ನೋಡಿ ಒಳ್ಳೆ ಲಾಭ ಮಾಡ್ಕೊಂಡ ಅನ್ನೋಕೆ ಹೀಗಂತಾರೆ. ಹಬ್ಬದ ಟೈಮಲ್ಲಿ ಹೂವಿನ ವ್ಯಾಪಾರದವರಿಗೆ ಸುಗ್ಗಿಯೋ ಸುಗ್ಗಿ ಅಂತ ನಾವು ಹೇಳ್ತೀವಲ್ಲ, ಅಚ್ಚಿಗೆ ಅಚ್ಚು ಅದೇ. ಇಂಗ್ಲಿಷ್‌ನಲ್ಲಿ ಮೇಕ್ ಎ ಕಿಲ್ಲಿಂಗ್ ಅಂತಾರೆ, ಬಿಸಿಲಿರುವಾಗಲೇ ಹುಲ್ಲು ಒಣಗಿಸ್ಕೋ ಅನ್ನೋ ಗಾದೆನೂ ಇದೆ, ಆದ್ರೆ ಆ ಕಣದ ವಾಸನೆ ಇರೋದು ಸ್ಪ್ಯಾನಿಷ್‌ನಲ್ಲೂ ಕನ್ನಡದಲ್ಲೂ. ಹಾಗಂತ ಟಿಕೆಟ್‌ನಲ್ಲಿ ಸುಗ್ಗಿ ಅಂತ ಬರೆಯೋಕಾಗುತ್ತಾ, ಇಲ್ಲ. ಆದ್ರೆ ಸುಗ್ಗಿ ಅಂತ ಮನಸ್ಸಿಗೆ ಬಂದ ಮೇಲೆ ಅದರಲ್ಲಿ ಎಷ್ಟು ಹೊಟ್ಟೆಕಿಚ್ಚಿದೆ, ಎಷ್ಟು ಬೈಗುಳ ಇದೆ, ಬರೀ ಸಂತೋಷನಾ ಅನ್ನೋದು ತೂಗೋಕೆ ಬರುತ್ತೆ, ಆಮೇಲೆ ಇಂಗ್ಲಿಷ್ ಆರಿಸೋದು ಸುಲಭ.

ಆಸೆರ್ಸೆ ಎಲ್ ಸ್ವೇಕೊ ಅಂತ ಒಂದಿದೆ, ಸ್ವೀಡನ್ನಿನವನ ಥರ ಆಡೋದು ಅಂತ ಕಾಣುತ್ತೆ. ಸ್ವೀಡನ್ನಿನವರು ಏನು ಪಾಪ ಮಾಡಿದ್ರು ಅಂತ ಕ್ಲಾಸಲ್ಲಿ ಎಲ್ಲರೂ ಕೇಳ್ತಿದ್ವಿ. ಆರ್‌ಎಇ ತೆಗೆದು ನೋಡಿ, ಸ್ವೇಕೊ ಅಂತ ಎರಡು ಬೇರೆ ಬೇರೆ ನಮೂದು ಇದೆ, ಒಂದು ದೇಶದ್ದು, ಇನ್ನೊಂದು ಲ್ಯಾಟಿನ್‌ನ ಸೊಕ್ಕುಸ್ ಅನ್ನೋ ಪದದಿಂದ ಬಂದದ್ದು, ಮರದ ಬೊಡ್ಡೆ ಅಂತ ಅರ್ಥ ಕೊಟ್ಟಿದಾರೆ. ನುಡಿಗಟ್ಟು ಇರೋದು ಆ ಎರಡನೇದರ ಕೆಳಗೆ. ಅಂದ್ರೆ ಬೊಡ್ಡೆ ಥರ ಕೂತ್ಕೊಳ್ಳೋದು, ಕೇಳಿಸಿದ್ರೂ ಕೇಳಿಸದ ಹಾಗೆ ಇರೋದು. ಕನ್ನಡದಲ್ಲಿ ಎರಡೇ ಪದ ಸಾಕು, ಜಾಣ ಕಿವುಡು. ಇಂಗ್ಲಿಷ್‌ನಲ್ಲಿ ಟರ್ನ್ ಎ ಡೆಫ್ ಇಯರ್ ಅಂತಾರೆ, ಅದರಲ್ಲಿ ಕಿವುಡಿದೆ, ಜಾಣತನ ಇಲ್ಲ. ಪ್ಲೇ ಡಂಬ್ ಅಂದ್ರೆ ನಾಟಕ ಇದೆ, ಕಿವಿ ಇಲ್ಲ. ನಿಮ್ಮ ಕಂಪನಿ ಸ್ವೇಕೊ ಆಗ್ತಿದೆ ಅಂತ ಕಸ್ಟಮರ್ ಬರೆದಾಗ ನಾನು ಡೆಲಿಬರೇಟ್ಲಿ ಇಗ್ನೋರಿಂಗ್ ಅಂತ ಹಾಕ್ತೀನಿ, ಚಂದ ಇಲ್ಲ, ಗೊತ್ತು, ಆದ್ರೆ ಬೇಕಂತಲೇ ಅನ್ನೋದು ಬಿಟ್ಟು ಹೋಗಲ್ಲ.

ಗಾದೆ ನುಡಿಗಟ್ಟಲ್ಲದ ದಿನಬಳಕೆ ಮಾತಲ್ಲೂ ಹೀಗೇ. ಒಂದ್ಸಲ ಮೆಕ್ಸಿಕೋದ ಹುಡುಗಿ ಜೊತೆ ಫೋನ್‌ನಲ್ಲಿ ಇದ್ದೆ, ವಿಳಾಸ ಬರ್ಕೊಳ್ತಾ ಇದ್ದೆ, ಒಳಗಿಂದ ಅವರಮ್ಮ ಕೂಗಿದ್ದು ಕೇಳಿಸ್ತು, ಹುಡುಗಿ ಫೋನ್ ಪಕ್ಕಕ್ಕೆ ಹಿಡಿದು ಯಾ ವೊಯ್, ಮಮಾ ಅಂತ ಕೂಗಿದ್ಲು. ವೊಯ್ ಅಂದ್ರೆ ಹೋಗ್ತೀನಿ. ಅಮ್ಮ ಕರೆದ್ರೆ ಸ್ಪ್ಯಾನಿಷ್ ಮಗಳು ಹೋಗ್ತೀನಿ ಅಂತಾಳೆ, ಯಾಕಂದ್ರೆ ತಾನು ನಿಂತಿರೋ ಜಾಗದಿಂದ ಲೆಕ್ಕ. ಇಂಗ್ಲಿಷ್ ಮಗಳು ಐ ಆಮ್ ಕಮಿಂಗ್ ಅಂತಾಳೆ, ಅಮ್ಮ ಇರೋ ಜಾಗದಿಂದ ಲೆಕ್ಕ. ಕನ್ನಡದ ಮಗಳು ಕೂತ ಜಾಗದಿಂದ ಅಲ್ಲಾಡದೇ ಬಂದೆ ಅಂತಾಳೆ, ಆಗಲೇ ಬಂದು ಮುಟ್ಟಿದ ಲೆಕ್ಕ! ನನ್ನ ಕಿವಿಗೆ ಆವತ್ತು ಕೇಳಿಸಿದ್ದು ಬಂದೇಮ್ಮಾ ಅಂತಲೇ. ಹಾಗೇ ಮೆ ಗುಸ್ತಾ. ಇಂಗ್ಲಿಷ್‌ನವರಿಗೆ ಇದು ಕಲಿಯೋಕೆ ಕಷ್ಟ, ಐ ಲೈಕ್ ಅಂತ ತಮ್ಮನ್ನ ಮುಂದೆ ಇಟ್ಕೊಂಡು ಹೊರಡ್ತಾರೆ. ನಮಗೆ ನಂಗಿಷ್ಟ ಅಂದ ಹಾಗೇನೇ. ತಲೆ ನೋಯುತ್ತೆ ಅನ್ನೋಕೂ ಅವರದು ನನಗೆ ತಲೆ ನೋಯ್ತಿದೆ ಅನ್ನೋ ವಾಕ್ಯರಚನೆಯೇ. ಬಟ್ಟಲು ಬಿದ್ರೆ ಸೆ ಮೆ ಕಾಯೋ, ಅಂದ್ರೆ ಕೈ ಜಾರಿ ಬಿದ್ದೋಯ್ತು. ಇಂಗ್ಲಿಷ್‌ನಲ್ಲಿ ಐ ಡ್ರಾಪ್ಡ್ ಇಟ್ ಅಂತ ತಪ್ಪು ಒಪ್ಕೊಂಡು ನಿಲ್ಲಬೇಕು. ಕಂಪ್ಲೇಂಟ್ ಅನುವಾದ ಮಾಡುವಾಗ ಇದು ಸಣ್ಣ ವಿಷಯ ಅಲ್ಲ ಕಣ್ರೀ. ಕಸ್ಟಮರ್ ಗುಂಡಿ ಕಿತ್ತು ಬಂತು ಅಂತ ಬರೆದಿರ್ತಾರೆ, ಅವಸರದಲ್ಲಿ ಕಸ್ಟಮರ್ ಗುಂಡಿ ಕಿತ್ರು ಅಂತ ಇಂಗ್ಲಿಷ್ ಆಗಿಬಿಟ್ರೆ ಅವರ ರೀಫಂಡೇ ಹೋಯ್ತು.

ಈಗ ಆ ಅರ್ಧ ಸ್ಟಾರ್. ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಹೋಗುವಾಗ ಇದು ಒಂಟಿಯಾಗಿ ಸಾಲಲ್ಲ. ಮೇಲಿನವರು ಬಾಲ್‌ಪಾರ್ಕ್ ಫಿಗರ್, ಅಂದ್ರೆ ಅಂದಾಜು ಲೆಕ್ಕ, ಕೊಡಿ ಅಂತಾರೆ, ರೇನ್ ಚೆಕ್ ಅಂತಾರೆ, ಎರಡೂ ಬೇಸ್‌ಬಾಲ್ ಮೈದಾನದಿಂದ ಬಂದ ಮಾತು, ಮಳೆ ಬಂದು ಆಟ ನಿಂತ್ರೆ ಇನ್ನೊಂದು ದಿನಕ್ಕೆ ಆಗೋ ಟಿಕೆಟ್ಟೇ ರೇನ್ ಚೆಕ್. ಇದನ್ನ ಸ್ಪ್ಯಾನಿಷ್‌ನ ಯಾವ ಪದದ ಕೆಳಗೆ ಅಂತ ಹುಡುಕ್ತೀರಾ? ಇಂಗ್ಲಿಷ್ ಡಿಕ್ಷನರಿ ಬೇರೆ ಬೇಕೇ ಬೇಕು, ಒಂದು ದ್ವಿಭಾಷಾ ಡಿಕ್ಷನರಿನೂ ಬೇಕು, ನಾನು ಕಾಲಿನ್ಸ್ ನೋಡ್ತೀನಿ. ಆಮೇಲೆ ಆರ್‌ಎಇಗೆ ಬಂದು ತಾಳೆ ನೋಡೋದು. ಬಾಲ್‌ಪಾರ್ಕ್ ಫಿಗರ್‌ಗೆ ಸ್ಪ್ಯಾನಿಷ್‌ನಲ್ಲಿ ಅ ಓಹೊ ದೆ ಬ್ವೆನ್ ಕುಬೇರೊ ಅಂತ ಸೊಗಸಾದ ಮಾತಿದೆ, ಪೀಪಾಯಿ ಮಾಡೋ ಪಳಗಿದ ಕಸುಬುದಾರನ ಕಣ್ಣಳತೆ, ನಮ್ಮ ಕಣ್ಣಂದಾಜು. ಅದು ಸಿಕ್ಕಿದಾಗ ಹಾಕೇಬಿಡೋಣ ಅನ್ನಿಸ್ತು. ಆದ್ರೆ ಪಕ್ಕದಲ್ಲಿ ಆಡುಮಾತು ಅನ್ನೋ ಗುರುತಿತ್ತು, ದುಡ್ಡಿನ ವಿಷಯದ ಮೇಲ್‌ನಲ್ಲಿ ಕಸ್ಟಮರ್‌ಗೆ ಕಣ್ಣಂದಾಜಲ್ಲಿ ಹೇಳ್ತಿದೀವಿ ಅಂದ್ರೆ ಏನ್ ಚಂದ, ಸೀದಾ ಸಿಫ್ರಾ ಅಪ್ರೊಕ್ಸಿಮಾದಾ, ಅಂದಾಜು ಮೊತ್ತ ಅಂತ ಹಾಕ್ದೆ. ನುಡಿಗಟ್ಟಿಗೆ ನುಡಿಗಟ್ಟೇ ಕೊಡಬೇಕು ಅನ್ನೋ ಹಠ ಹೊಸಬರಲ್ಲಿ ತುಂಬಾ ನೋಡ್ತೀನಿ, ನನ್ನಲ್ಲೂ ಇತ್ತು, ಬಿಟ್ಟ ಮೇಲೆ ಕೆಲಸ ಎಷ್ಟೋ ಚೊಕ್ಕ ಆಗಿದೆ.

ಇನ್ನೊಂದು, ಅರ್ಥಗಳು ತುಂಬಾ ಬಿಗಿ, ನುಡಿಗಟ್ಟುಗಳಿಗೆ ಉದಾಹರಣೆ ವಾಕ್ಯ ಕಡಿಮೆ. ಬಿ1 ಅಂದ್ರೆ ಭಾಷಾ ಕಲಿಕೆಯ ನಡುವಿನ ಮಟ್ಟ, ಅದಕ್ಕೂ ಕೆಳಗಿರೋರಿಗೆ ಅರ್ಥದಲ್ಲಿರೋ ಪದಕ್ಕೇ ಮತ್ತೆ ಅರ್ಥ ನೋಡ್ಬೇಕಾಗುತ್ತೆ, ಅವರಿಗೆ ಈಗಲೇ ಬೇಡ ಅಂತೀನಿ. ಅದರ ಮುಂದಿನ ಬಿ2 ದಾಟಿದೋರು, ದೆಲೆ ಅನ್ನೋ ಸ್ಪ್ಯಾನಿಷ್ ಪರೀಕ್ಷೆಗೆ ಓದ್ತಿರೋರು, ಕೆಲಸಕ್ಕೆ ಸೇರಿದೋರು ಕಣ್ಣು ಮುಚ್ಚಿ ಶುರು ಮಾಡಿ. ನಮ್ಮ ಕನ್ನಡಕ್ಕೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂದ ಕಿಟ್ಟೆಲ್ ಕೋಶ ಇದೆಯಲ್ಲ, ಅದರಲ್ಲಿ ಪದದ ಕೆಳಗೆ ಗಾದೆಗಳನ್ನ ಪೋಣಿಸಿಟ್ಟಿದಾರೆ, ಅದನ್ನ ತಿರುವಿ ಹಾಕಿ ರುಚಿ ಹತ್ತಿದೋರಿಗೆ ಆರ್‌ಎಇ ಒಗ್ಗೋಕೆ ಒಂದು ವಾರ ಸಾಕು.

ಕಳೆದ ತಿಂಗಳದ್ದು ಒಂದು ಹೇಳಿ ನಿಲ್ಲಿಸ್ತೀನಿ. ಹೊಸದಾಗಿ ಸೇರಿರೋ ಹುಡುಗಿ ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಎತ್ಕೊಂಡು ಬಂದ್ಲು. ಅಕ್ಕ, ಇದೊಂದು ನೋಡಿ, ಇಂಗ್ಲಿಷ್‌ಗೆ ಸರಿಯಾಗಿ ಕೂರ್ತಾನೇ ಇಲ್ಲ ಅಂದ್ಲು. ಮೆಕ್ಸಿಕೋದ ತಾಯಿ ಬರೆದಿದ್ದು, ಮಗಳಿಗೆ 15 ತುಂಬುತ್ತೆ, ಅಲ್ಲಿ ಹೆಣ್ಣುಮಕ್ಕಳಿಗೆ ಅದು ಮದುವೆಯಷ್ಟು ದೊಡ್ಡ ಸಮಾರಂಭ, ಗೌನ್ ಇನ್ನೂ ಬಂದಿಲ್ಲ, ಸಾಬಾದೊ ಲೊ ಎಸ್ತ್ರೆನಾ ಅಂತ ಕೊನೇ ಸಾಲು. ಟೂಲ್ ಕೊಟ್ಟಿದ್ದು ಅವಳು ಶನಿವಾರ ಅದನ್ನ ಬಿಡುಗಡೆ ಮಾಡ್ತಾಳೆ ಅಂತ, ಸಿನಿಮಾ ಬಿಡುಗಡೆಗೂ ಇದೇ ಪದ ಆದ್ದರಿಂದ. ಎಸ್ತ್ರೆನಾರ್ ತೆಗೆದು ತೋರಿಸಿದೆ, ಮೊದಲನೇ ಸಲ ಬಳಸೋದು. ಇಂಗ್ಲಿಷ್‌ನಲ್ಲಿ ಇದಕ್ಕೆ ಒಂದೇ ಪದ ಇಲ್ಲ. ನಿಂಗೆ ಯುಗಾದಿಗೆ ಹೊಸ ಲಂಗ ಹೊಲಿಸಿ, ಹಬ್ಬದ ದಿನವೇ ಉಡಬೇಕು, ಅಲ್ಲೀವರೆಗೂ ಮುಟ್ಟೋ ಹಾಗಿಲ್ಲ ಅಂತ ಅಮ್ಮ ಬೀರೂಲಿ ಇಡ್ತಿದ್ರಲ್ಲ, ಅದೇ ಇದು ಅಂದೆ. ಅವಳ ಮುಖ ಅರಳಿತು. ಆಮೇಲೆ ಅವಳೇ ಕೂತು ಇಂಗ್ಲಿಷ್‌ನಲ್ಲಿ ಬರೆದ್ಲು: ಈ ಗೌನನ್ನ ಮಗಳು ಮೊದಲ ಸಲ ಹಾಕ್ಕೊಳ್ಳೋದು ಶನಿವಾರದ ಸಮಾರಂಭಕ್ಕೇ, ಹಾಗಾಗಿ ಶುಕ್ರವಾರದೊಳಗೆ ತಲುಪಲೇಬೇಕು, ತಡವಾದ್ರೆ ಉಪಯೋಗ ಇಲ್ಲ. ಟಿಕೆಟ್ ಅರ್ಜೆಂಟ್ ಲಿಸ್ಟಿಗೆ ಹೋಯ್ತು, ಹತ್ತಿರದ ಗೋಡೌನಿಂದ ಬೇರೆ ಪೀಸ್ ಕಳಿಸಿದ್ರು, ಗುರುವಾರ ಮಧ್ಯಾಹ್ನ ಡೆಲಿವರಿ ಆಯ್ತು.